ನನ್ನ ಮೈಯಲ್ಲಿ ಅರ್ಧ ಗಂಟೆ ಇದ್ದವರು

ಅವರ ಬೆನ್ನು ಸದಾ ಹಿಟ್ಟಿನಿಂದ ಬೆಳ್ಳಗಿರುತ್ತಿತ್ತು. ಮಾಸಿದ ನೀಲಿ ಚೂಡಿದಾರದ ಹಿಂಬದಿಯಲ್ಲಿ, ಎರಡು ಭುಜದೆಲುಬುಗಳಿರುವಲ್ಲಿ ಅಂಗೈಯಗಲದ ಎರಡು ಬಿಳಿ ಗುರುತು. ಸೊಂಟದ ಕೆಳಗೆ ಇನ್ನೊಂದು. ನಡುವೆ ಬೆನ್ನುಹುರಿಯ ಉದ್ದಕ್ಕೂ ಹಿಟ್ಟು ತಾಗದೆ ಉಳಿದ ನೀಲಿ ಕಾಲುವೆ. ಬೆಳಗ್ಗೆ ಏಳು ಗಂಟೆಗೆ ಕೆಸರೆಯ ರಸ್ತೆಯಲ್ಲಿ ಅವರು ಕರಿಬೇವು ಕೊಳ್ಳುತ್ತ ನಿಂತಿರುವುದನ್ನು ಹಿಂದಿನಿಂದ ನೋಡಿದವರಿಗೆ ಕ್ಷಣಕಾಲ ಏನೋ ತಪ್ಪಿದಂತೆ ತೋರುತ್ತಿತ್ತು. ನಿಂತ ಮನುಷ್ಯರ ಮೇಲೆ ಮಲಗಿದ ಮನುಷ್ಯರ ಗುರುತು ಇರಬಾರದು. ಅವರ ಮೇಲಿತ್ತು. ಅವರೊಬ್ಬರ ಮೇಲಷ್ಟೇ ಅಲ್ಲ, ಆ ಹೊತ್ತಿನಲ್ಲಿ ಬಸ್ ಸ್ಟಾಪಿನಲ್ಲಿ ನಿಂತ ಹತ್ತಿಪ್ಪತ್ತು ಜನರ ಬೆನ್ನಿನ ಮೇಲೂ ಇತ್ತು. ಆ ಜನರೆಲ್ಲ ಅವರ ವಿದ್ಯಾರ್ಥಿಗಳು.

ಎಲ್ಲರೂ ಅವರನ್ನು ಯೋಗದಮ್ಮ ಎಂದೇ ಕರೆಯುತ್ತಿದ್ದರು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ತಾಮ್ರದ ತಂತಿ ಸುತ್ತುವ ಕೆಲಸ ಮಾಡಿ ನಿವೃತ್ತರಾದವರು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ. ಯೋಗವನ್ನು ಅವರು ಕಲಿತದ್ದು ಮಠದ ಶಿಬಿರದಲ್ಲಿ. ಕಲಿಸುತ್ತಿದ್ದುದು ತಮ್ಮನ ಹಿಟ್ಟಿನ ಗಿರಣಿಯ ಮಹಡಿಯ ಮೇಲೆ. ದಿನವೆಲ್ಲ ಕೆಳಗೆ ಗಿರಣಿ ಓಡುತ್ತಿತ್ತು. ನಯವಾದ ಹಿಟ್ಟು ಮೆಟ್ಟಿಲ ದಾರಿಯಿಂದ ಮೇಲೇರಿ, ರಾತ್ರಿಯಿಡೀ ನಿಧಾನವಾಗಿ ಇಳಿದು, ಮಹಡಿಯ ಕರಿಗಾರೆಯ ನೆಲದ ಮೇಲೆ ತೆಳುವಾದ ಪದರವಾಗಿ ಕೂರುತ್ತಿತ್ತು. ಗೋಧಿ ಬೀಸಿದ ಮರುದಿನ ನೆಲ ಬಿಳಿ. ರಾಗಿ ಬೀಸಿದ ಮರುದಿನ ಬೂದು.

ಯೋಗದಮ್ಮ ಬೆಳಗ್ಗೆ ಐದಕ್ಕೆ ಬಂದು ಅರ್ಧ ಕೋಣೆಯನ್ನು ಮಾತ್ರ ಗುಡಿಸುತ್ತಿದ್ದರು. ಆಸನಗಳೆಲ್ಲ ಗುಡಿಸಿದ ಅರ್ಧದಲ್ಲಿ, ಚಾಪೆಯ ಮೇಲೆ. ಕೊನೆಯ ಶವಾಸನ ಮಾತ್ರ ಗುಡಿಸದ ಅರ್ಧದಲ್ಲಿ, ಬರಿ ನೆಲದ ಮೇಲೆ. ಹದಿನೈದು ನಿಮಿಷದ ನಂತರ ಎಲ್ಲರೂ ಎಚ್ಚರಿಕೆಯಿಂದ ಎದ್ದು, ಹಿಂತಿರುಗಿ, ತಾವು ಬಿಟ್ಟುಹೋದ ಗುರುತನ್ನು ನೋಡಿಕೊಳ್ಳಬೇಕು. ಆ ಕೋಣೆಯಲ್ಲಿ ಕನ್ನಡಿ ಇರಲಿಲ್ಲ. “ಕನ್ನಡಿ ಮುಂದೆ ಎಲ್ರೂ ವೇಷ ಹಾಕ್ತಾರೆ. ಮಲಗಿದಾಗ ಯಾರಿಗೆ ಹಾಕ್ತೀರಾ?” ಎನ್ನುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಯೋಗ ಕಲಿಯಲಿಕ್ಕಲ್ಲ, ತನಿಖೆಗೆ. ಮಹಿಳಾ ಜಾಗೃತಿಯ ಒಂದು ಸಣ್ಣ ಸಂಘಟನೆಗೆ ನಾನು ಕಾರ್ಯದರ್ಶಿ. ಮೌಢ್ಯದ ವಿರುದ್ಧ, ಹೆಣ್ಣಿನ ದೇಹದ ಬಗೆಗಿನ ನಾಚಿಕೆಯ ವಿರುದ್ಧ ಊರೂರಿನಲ್ಲಿ ಮಾತನಾಡುವುದು ನನ್ನ ಕೆಲಸ. ಕಾಲೇಜಿನ ಚರ್ಚಾಸ್ಪರ್ಧೆಗಳು ನನ್ನನ್ನು ಅದಕ್ಕೆ ತಯಾರು ಮಾಡಿದ್ದವು: ಎದುರಾಳಿಯ ವಾದವನ್ನು ಅವರಿಗಿಂತ ಚೆನ್ನಾಗಿ ಮೊದಲು ಮಂಡಿಸು, ಆಮೇಲೆ ಕೆಡವು. ಒಂದು ಸಭೆಯ ನಂತರ ಕೆಸರೆಯ ಹೆಂಗಸೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಹೇಳಿದರು: “ಗಿರಣಿ ಮ್ಯಾಗಳ ಆಯಮ್ಮ ಒಬ್ಬೊಬ್ರ ಮೈಯೊಳಕ್ಕೂ ಓಗಿ ಬತ್ತಾರಂತೆ ಕಣ್ರೀ. ನಮ್ ನಾದಿನೀನೇ ಯೋಳಿದ್ಲು. ಅವ್ಳ ಮೈಗೆ ಬಂದು, ಅವ್ಳಿಗೆಲ್ಲಿ ನೋವದೆ ಅಂತ ಅವ್ಳಿಗಿಂತ ಮುಂಚೆ ಯೋಳ್ಬುಟ್ರಂತೆ.” ನಾನು ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡೆ. ಕೆಳಗೆ ಏಳು ಪ್ರಶ್ನೆಗಳನ್ನೂ ಬರೆದುಕೊಂಡೆ.

ಇನ್ನೊಂದು ಕಾರಣವೂ ಇತ್ತು, ಅದನ್ನು ಡೈರಿಯಲ್ಲಿ ಬರೆಯಲಿಲ್ಲ. ನನ್ನ ಬೆನ್ನುಹುರಿ ನೆಟ್ಟಗಿಲ್ಲ. ಹನ್ನೆರಡನೆಯ ವಯಸ್ಸಿನಿಂದ ಅದು ಬಲಕ್ಕೆ ಬಾಗುತ್ತ ಹೋಯಿತು. ಬಲ ಭುಜದೆಲುಬು ಹೊರಗೆ ಉಬ್ಬಿ ನಿಂತಿತು. ಮೂವತ್ತಾರನೆಯ ವಯಸ್ಸಿಗೆ ನೋವು ಎಷ್ಟಿತ್ತೆಂದರೆ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ವೇದಿಕೆಯ ಮೇಲೆ ನಿಲ್ಲಲಾಗುತ್ತಿರಲಿಲ್ಲ. ಆದರೆ ನೋವಿಗಿಂತ ದೊಡ್ಡದು ಅದನ್ನು ಮುಚ್ಚಿಡುವ ದುಡಿಮೆ. ನಾನು ಯಾವಾಗಲೂ ದಪ್ಪ ಖಾದಿ ಶಾಲು ಹೊದೆಯುತ್ತಿದ್ದೆ. ಜನ ಅದನ್ನು ನನ್ನ ಆದರ್ಶವೆಂದು ತಿಳಿದು ಗೌರವಿಸುತ್ತಿದ್ದರು. ಸಭೆಗೆ ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದೆ, ಎಲ್ಲರೂ ಹೋದ ಮೇಲೆ ಏಳುತ್ತಿದ್ದೆ. ನಿಮ್ಮ ದೇಹಕ್ಕೆ ನಾಚಬೇಡಿ ಎಂದು ಸಾವಿರಾರು ಹೆಂಗಸರಿಗೆ ಹೇಳಿದ ನಾನು ಅವರಲ್ಲಿ ಒಬ್ಬರಿಗೂ ಬೆನ್ನು ತೋರಿಸಿರಲಿಲ್ಲ.

ಮೊದಲ ದಿನ ನಾನು ತಲುಪುವ ಹೊತ್ತಿಗೆ ತರಗತಿ ಮುಗಿಯುತ್ತಿತ್ತು. ಮಹಡಿಯ ಬಾಗಿಲಲ್ಲಿ ನಿಂತೆ. ಒಂದೇ ಮಂಕು ದೀಪ. ಬೂದುಬಣ್ಣದ ನೆಲದ ಮೇಲೆ ಇಪ್ಪತ್ತು ಜನ ಅಲುಗಾಡದೆ ಬಿದ್ದಿದ್ದರು. ಬಂಧುಗಳು ಇನ್ನೂ ಬಂದು ಗುರುತಿಸದ ಹೆಣಗಳ ಸಾಲಿನಂತಿತ್ತು. ಅವರ ನಡುವೆ ಬರಿಗಾಲಿನಲ್ಲಿ, ಕಾಲಿನ ಸದ್ದೇ ಇಲ್ಲದೆ, ಒಬ್ಬ ಸಣಕಲು ಹೆಂಗಸು ಬಗ್ಗಿ ಬಗ್ಗಿ ನಡೆಯುತ್ತಿದ್ದರು. ಚಪ್ಪಾಳೆಯೊಂದು ಕೇಳಿಸಿತು. ಹೆಣಗಳು ಎದ್ದವು, ಅವುಗಳ ಜಾಗದಲ್ಲಿ ಅವುಗಳ ಆಕಾರಗಳು ಮಲಗಿಯೇ ಇದ್ದವು. ನನಗೆ ಗೊತ್ತಿಲ್ಲದೆ ನಾನು ಒಂದು ಹೆಜ್ಜೆ ಹಿಂದೆ ಸರಿದೆ.

ಯೋಗದಮ್ಮ ಒಂದೊಂದೇ ಗುರುತಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಓದುತ್ತ ಬಂದರು. ಹೆಬ್ಬಾಳದ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುವ, ಪಾಳಿ ಮುಗಿಸಿ ಸೀದಾ ಅಲ್ಲಿಗೇ ಬಂದಿದ್ದ ಹೆಂಗಸಿನ ಗುರುತಿನ ಮುಂದೆ ನಿಂತು ಹೇಳಿದರು: “ನೋಡು, ಎರಡು ಪಾದವೂ ಬಾಗಿಲ ಕಡೆಗೇ ತಿರುಗವೆ. ಮೈ ಇಲ್ಲಿ, ಮನಸ್ಸು ಬಸ್ ಸ್ಟಾಪಲ್ಲಿ.”

“ಏಳು ಗಂಟೆ ಬಸ್ ತಪ್ಪುದ್ರೆ ನೀವೇನ್ ಎತ್ಕೊಂಡೋಗಿ ಬುಡ್ತೀರಾ ಯೋಗ್ದಮ್ಮಾ?”

“ನಿನ್ನ ಎತ್ಕೊಂಡ್ರೆ ನಾನೇ ಶವಾಸನ ಕಣಮ್ಮ.”

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಅವರು ವಯಸ್ಸಾದ ಗಂಡಸರೊಬ್ಬರ ಗುರುತಿನ ಬಳಿ ಬಹಳ ಹೊತ್ತು ಕೂತರು. ಬಲ ಹಿಮ್ಮಡಿ ಇರಬೇಕಾದಲ್ಲಿ ಹಿಟ್ಟು ಕದಡಿ ಗೀರಿತ್ತು. “ಸ್ವಾಮಿ, ನೀವು ಮಲಗಿದಾಗಲೂ ಈ ಹಿಮ್ಮಡಿ ನೆಲಕ್ಕೆ ಊರ್ತಿಲ್ಲ. ಒಳಗೆ ಏನೋ ಆಗಿದೆ. ಇವತ್ತೇ ತೋರಿಸ್ಕೊಳ್ಳಿ” ಎಂದರು. ಅವರಿಗೆ ಏನೂ ಅನಿಸಿರಲಿಲ್ಲವಂತೆ. ಸಕ್ಕರೆ ಕಾಯಿಲೆಯಿಂದ ಜೋಮು ಹಿಡಿದ ಕಾಲಿನ ಅಡಿಯಲ್ಲಿ ಹುಣ್ಣಾಗಿತ್ತು ಎಂದು ಮರುವಾರ ಅವರೇ ಹೇಳಿದರು.

ನನ್ನ ಏಳು ಪ್ರಶ್ನೆಗಳಲ್ಲಿ ಮೂರು ಆ ಬೆಳಗ್ಗೆಯೇ ಬಿದ್ದುಹೋದವು. ಇದರಲ್ಲಿ ಮೌಢ್ಯವಿರಲಿಲ್ಲ, ನೋಟವಿತ್ತು. ಆದರೂ ಉಳಿದವನ್ನು ಕೇಳಿದೆ. “ನೀವು ಬೇರೆಯವರ ಮೈಯೊಳಗೆ ಹೋಗುತ್ತೀರಿ ಎಂದು ಜನ ಹೇಳುತ್ತಾರೆ. ಅದನ್ನು ನೀವು ಅಲ್ಲಗಳೆಯುತ್ತೀರೋ?”

ಅವರು ಪೊರಕೆ ಹಿಡಿದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಶಾಲಿನ ಬಲ ಅಂಚಿನಲ್ಲಿ ಅವರ ಕಣ್ಣು ತುಸು ನಿಂತಿತು. “ನಾಳೆ ಚಾಪೆ ತಗೊಂಡ್ ಬಾ” ಎಂದಷ್ಟೇ ಹೇಳಿ ಗುರುತುಗಳನ್ನು ಗುಡಿಸತೊಡಗಿದರು.

ಚಾಪೆ ಒಯ್ದೆ. ಎಂಟು ತಿಂಗಳು ಹೋದೆ. ಶಾಲು ಹೊದ್ದೇ ಆಸನ ಮಾಡಿದೆ. ಸೆಖೆಯಲ್ಲಿ ಬೆವರಿಳಿದರೂ ತೆಗೆಯಲಿಲ್ಲ. ಪ್ಯಾಕಿಂಗ್ ಹೆಂಗಸು ನನಗೆ ‘ಶಾಲು ಮೇಡಂ’ ಎಂದು ಹೆಸರಿಟ್ಟಳು. ನೋವು ಕಡಿಮೆಯಾಯಿತು, ಗಂಟೆಗಟ್ಟಲೆ ನಿಂತು ಮಾತಾಡುವಂತಾಯಿತು. ಆದರೆ ಶವಾಸನದ ಹೊತ್ತಿಗೆ ನಾನು ಗೋಡೆಗೆ ಒರಗಿ ಕೂರುತ್ತಿದ್ದೆ. ಮಲಗಿದರೆ ನೆಲ ನನ್ನ ಬೆನ್ನಿನ ಚಿತ್ರ ಬರೆಯುತ್ತದೆ. ಇಪ್ಪತ್ತು ಜನ ಅದನ್ನು ಓದುತ್ತಾರೆ. ಆಮೇಲೆ ಅದೇ ಚಿತ್ರವನ್ನು ಹೊತ್ತು ನಾನು ಬಸ್ಸು ಹತ್ತಬೇಕು. ಯೋಗದಮ್ಮ ಒತ್ತಾಯಿಸಲಿಲ್ಲ. ಕಣ್ಣು ಮುಚ್ಚಿದವರ ನಡುವೆ ನಡೆಯುವಾಗ ಆಗೊಮ್ಮೆ ಈಗೊಮ್ಮೆ ನನ್ನ ಮುಂದೆ ನಿಲ್ಲುತ್ತಿದ್ದರು. ನಾನು ಉಸಿರಾಡುವುದನ್ನು ಕೇಳಿಸಿಕೊಳ್ಳುತ್ತಿದ್ದರು ಎಂದು ನನಗೆ ಆಗ ಗೊತ್ತಿರಲಿಲ್ಲ.

ಧನುರ್ಮಾಸದ ಒಂದು ಬೆಳಗ್ಗೆ ನನ್ನ ಬಸ್ಸು ಬೇಗ ಬಂತು. ಕೆಸರೆಯ ರಸ್ತೆ ಮಂಜಿನಲ್ಲಿ ಮುಳುಗಿತ್ತು. ಗಿರಣಿಯ ಷಟರ್ ಅರ್ಧ ತೆರೆದಿತ್ತು; ಒಳಗೆ ನಿಂತುಹೋದ ಯಂತ್ರದ ಪಟ್ಟಿಯೊಂದು ಗಾಳಿಗೆ ತನ್ನಷ್ಟಕ್ಕೆ ಅಲುಗುತ್ತಿತ್ತು. ಮೆಟ್ಟಿಲು ಹತ್ತಿದೆ. ಯೋಗದಮ್ಮ ಕಾಣಲಿಲ್ಲ. ಗುಡಿಸದ ಅರ್ಧದಲ್ಲಿ, ಹಿಂದಿನ ದಿನದ ಗೋಧಿಹಿಟ್ಟಿನ ಬಿಳುಪಿನ ಮೇಲೆ, ಯಾರೋ ಒಬ್ಬರು ಮಲಗಿದ್ದರು.

ಮೊದಲು ಕಂಡದ್ದು ಎಡ ಭುಜ. ಅದು ನೆಲಕ್ಕೆ ತಾಗಿರಲಿಲ್ಲ, ಗಾಳಿಯಲ್ಲಿ ತುಸು ತೂಗುತ್ತಿತ್ತು. ದೇಹದ ಭಾರವೆಲ್ಲ ಬಲ ಭುಜದೆಲುಬಿನ ಮೇಲೆ ಕೂತಿತ್ತು. ಸೊಂಟ ಎಡಕ್ಕೆ ಜಾರಿತ್ತು, ಎಡ ಮಂಡಿ ಒಂದಿಷ್ಟು ಎದ್ದಿತ್ತು, ಕೊರಳು ಯಾರಿಂದಲೋ ಮುಖ ತಪ್ಪಿಸಿಕೊಳ್ಳುವಂತೆ ಓರೆಯಾಗಿತ್ತು. ಆಮೇಲೆ ಉಸಿರು ಕೇಳಿಸಿತು. ಒಂದು, ಎರಡು ಎಂದು ಎಣಿಸುವಷ್ಟು ಹೊತ್ತು ಒಳಗೆ ಹೋಗುತ್ತಿತ್ತು. ಮೂರರ ಬಳಿ ಮುಳ್ಳಿಗೆ ಬಟ್ಟೆ ಸಿಕ್ಕಿದಂತೆ ತಡೆಯುತ್ತಿತ್ತು. ಆಮೇಲೆ ಬಿಡಿಸಿಕೊಂಡು ಹೊರಗೆ ಬರುತ್ತಿತ್ತು. ಆ ತಡೆ ನನಗೆ ಗೊತ್ತು. ಇಪ್ಪತ್ತನಾಲ್ಕು ವರ್ಷ ಅದನ್ನು ಒಳಗಿನಿಂದ ಅನುಭವಿಸಿದ್ದೆ. ಹೊರಗಿನಿಂದ ಕೇಳಿದ್ದು ಅದೇ ಮೊದಲು.

ನನ್ನ ದೇಹ ನನಗಿಂತ ಮೊದಲೇ ಬಂದು ಅಲ್ಲಿ ಮಲಗಿತ್ತು.

ಓಡಿಹೋಗಬೇಕೆನಿಸಿತು, ಆದರೂ ಬಗ್ಗಿ ನೋಡಿದೆ. ಮಲಗಿದವರ ದವಡೆ ಬಿಗಿದಿತ್ತು, ನನ್ನ ಪಟಗಳಲ್ಲಿ ನನ್ನ ದವಡೆ ಬಿಗಿದಿರುವಂತೆಯೇ. ನಾನು ನೋಡುತ್ತಿದ್ದಂತೆ ಕಣ್ಣು ತೆರೆಯಿತು. ಆ ಕಣ್ಣಿನಲ್ಲಿದ್ದದ್ದು ಬಟ್ಟೆ ಬದಲಿಸುವಾಗ ಬಾಗಿಲು ತೆರೆದುಕೊಂಡವರ ಗಾಬರಿ. ಅದೂ ನನ್ನದೇ. ಆಮೇಲೆ ಆ ದೇಹ ಎದ್ದು ಕೂತು ಬದಲಾಗತೊಡಗಿತು. ಮಂಡಿ ಇಳಿಯಿತು. ಸೊಂಟ ನಡುವಿಗೆ ಬಂತು. ಎಡ ಭುಜ ಬಲ ಭುಜದ ಸಮಕ್ಕೆ ಬಂತು. ಕೊನೆಯಲ್ಲಿ ಮುಖ ಸಡಿಲವಾಗಿ, ಅಲ್ಲಿ ಯೋಗದಮ್ಮ ಕೂತಿದ್ದರು.

“ಬೇಗ ಬಂದ್ಬುಟ್ಟೆಯಲ್ಲಮ್ಮ” ಎಂದರು.

ಭಯ ಇಳಿದ ಜಾಗಕ್ಕೆ ಕೋಪ ಬಂತು. ಕೋಪದ ಜೊತೆ ನನ್ನ ಅಭ್ಯಾಸದ ಭಾಷೆಯೂ ಬಂತು. ಒಬ್ಬರ ದೇಹ ಅವರದು. ಅದನ್ನು ನೋಡುವುದಕ್ಕೂ, ಮುಟ್ಟುವುದಕ್ಕೂ ಅವರ ಒಪ್ಪಿಗೆ ಬೇಕು. ಹಾಗಿರುವಾಗ ಅದನ್ನು ತೊಟ್ಟುಕೊಳ್ಳುವುದಕ್ಕೆ ಬೇಡವೇ? ನಾನು ಬಚ್ಚಿಟ್ಟದ್ದನ್ನು ನನ್ನ ಬೆನ್ನ ಹಿಂದೆ ಬಿಚ್ಚಿ ನೋಡಲು ನಿಮಗೆ ಹಕ್ಕು ಕೊಟ್ಟವರು ಯಾರು? ಇದನ್ನೆಲ್ಲ ಅಚ್ಚುಕಟ್ಟಾಗಿ ಮಂಡಿಸಿದೆ. ಯೋಗದಮ್ಮ ಕೈ ಮಡಿಲಲ್ಲಿಟ್ಟು, ಶಾಲೆಯ ಹುಡುಗಿಯಂತೆ ಪೂರ್ತಿ ಕೇಳಿಸಿಕೊಂಡರು.

“ನೀನು ಹೇಳಿದ್ದು ಸರಿ. ಕೇಳ್ಬೇಕಿತ್ತು. ತಪ್ಪಾಯ್ತು ಕಣಮ್ಮ.”

ಎದುರಾಳಿ ಇಷ್ಟು ಬೇಗ ಸೋಲೊಪ್ಪಿಕೊಂಡರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಅವರು ತಮ್ಮ ಕತೆ ಹೇಳಿದರು. ಕಾರ್ಖಾನೆಯಲ್ಲಿ ಪಕ್ಕದ ಯಂತ್ರದವಳಿಗೆ ಹೆಗಲು ನೋವು. ಯಾವ ಮುಲಾಮಿಗೂ ಬಗ್ಗಲಿಲ್ಲ. ಅವಳು ರಜೆ ಹಾಕಿದ ದಿನ ಇವರು ಅವಳ ಜಾಗದಲ್ಲಿ ಅವಳಂತೆಯೇ ಗೂನು ಹಾಕಿಕೊಂಡು, ಅವಳಂತೆಯೇ ಏದುಸಿರು ಬಿಡುತ್ತ ಪಾಳಿಯಿಡೀ ಕೂತರು. “ಸಾಯಂಕಾಲಕ್ಕೆ ಗೊತ್ತಾಯ್ತು. ನೋವು ಹೆಗಲಲ್ಲಿರ್ಲಿಲ್ಲ, ಸ್ಟೂಲಲ್ಲಿತ್ತು. ಒಂದು ಕಾಲು ಗಿಡ್ಡ.” ಅಂದಿನಿಂದ ಅದು ಅವರ ದಾರಿಯಾಯಿತು. ಬಾಯಿ ಹೇಳದ್ದನ್ನು ತಿಳಿಯಬೇಕಾದರೆ ಆ ಮೈಯಂತೆ ಮಲಗಿ, ಆ ಉಸಿರನ್ನು ಉಸಿರಾಡುವುದು.

“ಹಾಗಾದರೆ ನನ್ನದರಲ್ಲಿ ಏನು ಸಿಕ್ಕಿತು?” ಎಂದೆ. ದನಿಯಲ್ಲಿ ವ್ಯಂಗ್ಯ ಇರಲೆಂದು ಬಯಸಿದ್ದೆ, ಇರಲಿಲ್ಲ.

ದೂರದ ಊರಿಗೆ ಹೋಗಿಬಂದವರು ಅಲ್ಲಿಯದನ್ನು ನೆನಪಿಸಿಕೊಳ್ಳುವಂತಿತ್ತು ಅವರ ಮುಖ. “ಅರ್ಧ ಗಂಟೆ ಇದ್ದೆ ನೋಡು. ಮೊದ್ಲು ಸ್ವಲ್ಪ ಇಕ್ಕಟ್ಟು ಅನ್ನಿಸ್ತು. ಆಮೇಲೆ ಒಗ್ಗಿಹೋಯ್ತು. ಚೆನ್ನಾಗಿತ್ತು ಕಣಮ್ಮ. ಎದ್ದು ಬರೋಕೇ ಮನಸ್ಸಾಗ್ಲಿಲ್ಲ.”

ನಾನು ಇಪ್ಪತ್ತನಾಲ್ಕು ವರ್ಷ ವಾಸವಿದ್ದು ಒಂದು ದಿನವೂ ಒಪ್ಪದ ಜಾಗವದು. ಅಲ್ಲಿಗೆ ಇನ್ನೊಬ್ಬರು ಹೋಗಿ ಬಂದು ಚೆನ್ನಾಗಿತ್ತು ಎನ್ನುತ್ತಿದ್ದರು. ಕರುಣೆಯಿಂದ ಹೇಳಿದ್ದರೆ ನಾನು ಪ್ರತಿವಾದಿಸುತ್ತಿದ್ದೆ. ಅವರು ವರದಿ ಕೊಡುತ್ತಿದ್ದರು. ಸಾಕ್ಷಿಯ ವಿರುದ್ಧ ವಾದವಿಲ್ಲ.

ಅಂದು ನಾನು ಮಲಗಿದೆ. ಅವರ ಪಕ್ಕದ ಖಾಲಿ ನೆಲದಲ್ಲಿ, ಬೇರೆಯವರು ಬರುವ ಮುಂಚೆ, ಶಾಲು ಬದಿಗಿಟ್ಟು ಮಲಗಿದೆ. ತಣ್ಣನೆಯ ಗಾರೆ ಬೆನ್ನಿನ ಉಬ್ಬಿಗೆ ತಾಗಿತು. ಎದ್ದು ತಿರುಗಿ ನೋಡಿದೆ. ಎರಡು ಗುರುತು ಅಕ್ಕಪಕ್ಕ ಬಿದ್ದಿದ್ದವು. ಅದೇ ಬಾಗು, ಅದೇ ತೂಗುವ ಎಡ ಭುಜ, ಅದೇ ಜಾರಿದ ಸೊಂಟ. ಯೋಗದಮ್ಮ ಅಷ್ಟರಲ್ಲಿ ದೀಪದ ಬತ್ತಿ ಸರಿಮಾಡಲು ಹೋಗಿದ್ದರು. ಯಾವುದು ನನ್ನದು, ಯಾವುದು ಅವರು ನಾನಾಗಿದ್ದಾಗಿನದು ಎಂದು ಎಷ್ಟು ನೋಡಿದರೂ ನನಗೆ ಹೇಳಲಾಗಲಿಲ್ಲ. ಆದರೆ ಆ ಎರಡರಲ್ಲಿ ಒಂದೂ ನನಗೆ ಅಸಹ್ಯವೆನಿಸಲಿಲ್ಲ. ಅವರದನ್ನು ನೋಡಿ ಅಸಹ್ಯಪಡಲು ಸಾಧ್ಯವಿರಲಿಲ್ಲ. ಅವರದು ಯಾವುದೆಂದು ಗೊತ್ತಿಲ್ಲದ ಮೇಲೆ ನನ್ನದಕ್ಕೂ ಆ ಮರ್ಯಾದೆ ಸಿಕ್ಕಿತು.

ನನ್ನ ವಾದವೂ ವ್ಯರ್ಥವಾಗಲಿಲ್ಲ. ಅಂದಿನಿಂದ ಯೋಗದಮ್ಮ ಎಲ್ಲರನ್ನೂ ಕೇಳತೊಡಗಿದರು: “ನಾಳೆ ನಿನ್ ಮೈಗೆ ಬರ್ಲಾ?” ಕೆಲವರು ಬೇಡವೆಂದರು, ಅವರನ್ನು ಬಿಟ್ಟರು. ಪ್ಯಾಕಿಂಗ್ ಹೆಂಗಸು ಮಾತ್ರ ಸೊಂಟಕ್ಕೆ ಕೈಕೊಟ್ಟು, “ಬನ್ನಿ ಬನ್ನಿ. ಓಗೋವಾಗ ನನ್ ಸೊಂಟ್ನೋವ ನಿಮ್ಮನೇಗೇ ತಕ್ಕೊಂಡೋಗ್ಬುಡಿ, ವಾಪಸ್ ಕೇಳಾಕಿಲ್ಲ” ಎಂದಳು.

ಎರಡು ವರ್ಷ ಅವರು ನನಗೆ ಕಲಿಸಿದರು. ಮೊದಲು ಆಸನ, ಆಮೇಲೆ ಕಲಿಸುವುದು. ಕಲಿಸುವುದೆಂದರೆ ಅವರ ಲೆಕ್ಕದಲ್ಲಿ ತಿದ್ದುವುದಲ್ಲ. ನಾನು ಯಾರದೋ ಮಂಡಿಯನ್ನು ನೇರಮಾಡಲು ಹೋದರೆ ಕೈ ಹಿಡಿದು ನಿಲ್ಲಿಸುತ್ತಿದ್ದರು. “ಅದ್ಯಾಕೆ ಬಗ್ಗಿದೆ ಅಂತ ಕೇಳ್ದೇನು? ಕೇಳ್ದೆ ಎಳೀಬೇಡ.” ಸಂಘಟನೆಯ ಸಭೆಗಳಲ್ಲಿ ನನ್ನ ಮಾತು ಬದಲಾಯಿತೆಂದು ಗೆಳತಿಯರು ಹೇಳಿದರು. ಮೊದಲಿನಂತೆ ಕೆಡವುತ್ತಿರಲಿಲ್ಲವಂತೆ. ಆದರೆ ಒಂದು ಬದಲಾಗಿರಲಿಲ್ಲ. ಮಹಡಿಯ ಮಂಕು ಬೆಳಕಿನಲ್ಲಿ, ಎಲ್ಲರೂ ಕಣ್ಣು ಮುಚ್ಚಿದ ಮೇಲೆ ಮಲಗುತ್ತಿದ್ದೆ. ಎಲ್ಲರಿಗಿಂತ ಮೊದಲು ಎದ್ದು, ನನ್ನ ಗುರುತನ್ನು ಅಂಗೈಯಲ್ಲಿ ಒರೆಸಿ, ಶಾಲು ಹೊದೆಯುತ್ತಿದ್ದೆ. ನನ್ನ ಬೆನ್ನಿನೊಂದಿಗೆ ನನಗೆ ಒಳಗೊಳಗೆ ರಾಜಿಯಾಗಿತ್ತು. ನಾಲ್ಕು ಜನರೆದುರು ಆಗಿರಲಿಲ್ಲ. ಯೋಗದಮ್ಮ ನೋಡಿಯೂ ಏನನ್ನೂ ಹೇಳುತ್ತಿರಲಿಲ್ಲ.

ಮೂರನೆಯ ವರ್ಷದ ಬೇಸಿಗೆಯಲ್ಲಿ ಅವರಿಗೆ ಲಕ್ವ ಹೊಡೆಯಿತು. ಎಡಭಾಗ ಸತ್ತುಹೋಯಿತು. ಮಾತು ತೊದಲಿತು, ಮೈ ಎಡಕ್ಕೆ ವಾಲಿತು. ಆಸ್ಪತ್ರೆಯಿಂದ ಬಂದ ವಾರಕ್ಕೇ ಮಹಡಿಗೆ ಒಯ್ಯಬೇಕೆಂದು ಹಟ ಹಿಡಿದರು. ಗಿರಣಿಯ ತಮ್ಮ ಅಕ್ಕನನ್ನು ದಿನವೂ ಬೆನ್ನ ಮೇಲೆ ಹೊತ್ತು ತಂದು, ಕೋಣೆಯ ಮುಂದಿನ ಗೋಡೆಯ ಬಳಿ ಬೆತ್ತದ ಕುರ್ಚಿಯಲ್ಲಿ ಕೂರಿಸಿ, ದಿಂಬು ಒತ್ತಿ ಹೋಗುತ್ತಿದ್ದರು. ತರಗತಿ ನಡೆಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅವರ ಕುರ್ಚಿಯನ್ನು ಹಿಂದಿಟ್ಟುಕೊಂಡು, ವಿದ್ಯಾರ್ಥಿಗಳಿಗೆ ಮುಖಮಾಡಿ, ಶಾಲು ಹೊದ್ದು ನಿಲ್ಲುತ್ತಿದ್ದೆ.

ಯೋಗದಮ್ಮ ಯಾವಾಗಲೂ ವಿದ್ಯಾರ್ಥಿಗಳಿಗೆ ಬೆನ್ನುಮಾಡಿ ಆಸನ ತೋರಿಸುತ್ತಿದ್ದರು. ಆಗ ಅವರ ಬಲವೇ ಎಲ್ಲರ ಬಲ. ನಾನು ಎದುರಾಗಿ ನಿಂತದ್ದರಿಂದ ನನ್ನ ಬಲ ಅವರಿಗೆ ಎಡವಾಯಿತು. ಬಾಯಿಯಲ್ಲಿ ಒಂದು ದಿಕ್ಕು ಹೇಳುವುದು, ಕೈಯಲ್ಲಿ ಇನ್ನೊಂದು ತೋರಿಸುವುದು. ಒಂದು ದಿನ ಬೆನ್ನು ತಿರುಚುವ ಆಸನದಲ್ಲಿ ಪ್ಯಾಕಿಂಗ್ ಹೆಂಗಸು ಒಂದು ಕಡೆಗೆ, ಪಕ್ಕದವಳು ಇನ್ನೊಂದು ಕಡೆಗೆ ತಿರುಗಿ ಇಬ್ಬರ ತಲೆಗಳು ‘ಢಕ್’ ಎಂದು ಡಿಕ್ಕಿ ಹೊಡೆದವು.

“ಶಾಲು ಮೇಡಂ, ನಿಮ್ ಬಲ ಯಾವ್ದು, ನಮ್ ಬಲ ಯಾವ್ದು? ಒಂದ್ ಒಪ್ಪಂದಕ್ ಬನ್ನಿ ಅತ್ಲಾಗೆ!”

ನಗುವಿನ ನಡುವೆ ನನ್ನ ಹಿಂದಿನಿಂದ ಸದ್ದು ಬಂತು. ಗಂಟಲಿನಲ್ಲಿ ಕಲ್ಲು ಉರುಳಿದಂತಹ ಸದ್ದು.

“ತಿ... ರುಗು.”

ಎಲ್ಲರಿಗೂ ಕೇಳಿಸಿತ್ತು. ಅದು ನನಗೆ ಹೇಳಿದ್ದೆಂದು ಎಲ್ಲರಿಗೂ ತಿಳಿಯಿತು. ಇಪ್ಪತ್ತು ಜೊತೆ ಕಣ್ಣು ನನ್ನ ಮೇಲಿದ್ದವು. ನಾನು ಶಾಲಿನ ಅಂಚು ಹಿಡಿದುಕೊಂಡು, “ಎಲ್ಲರೂ ಕಿಟಕಿಯ ಕಡೆಗೆ ತಿರುಗಿ” ಎಂದೆ, ಆ ಮಾತು ಅವರಿಗೇ ಸೇರಿದ್ದು ಎನ್ನುವಂತೆ. ಅವರು ತಿರುಗಿದರು. ನಾನು ತಿರುಗಲಿಲ್ಲ. ಯೋಗದಮ್ಮ ಮತ್ತೆ ಆ ಮಾತು ಹೇಳಲಿಲ್ಲ.

ಮೂರು ವಾರದ ನಂತರ, ಒಂದು ಬೆಳಗ್ಗೆ ಅವರ ತಮ್ಮ ಅಕ್ಕನನ್ನು ಹೊತ್ತು ತರಲು ಹೋದಾಗ ಅವರು ಲಿಂಗೈಕ್ಯರಾಗಿದ್ದರು.

ಅವರ ಸಮುದಾಯದಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕಾಲು ಮಡಿಸಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿ ಬಳಿದು ಕೂರಿಸಿಯೇ ಸಮಾಧಿ ಮಾಡುತ್ತಾರೆ. ಗಿರಣಿಯ ಮುಂದೆ ಷಾಮಿಯಾನ ಹಾಕಿ, ಎತ್ತರದ ಮಣೆಯ ಮೇಲೆ ಕಿಟಕಿಯ ಕಂಬಿಗೆ ಒರಗಿಸಿ ಕೂರಿಸಿದ್ದರು. ದೂರದಿಂದ ನೋಡಿದರೆ ತರಗತಿ ಶುರುಮಾಡಲು ಜನ ಸೇರುವುದನ್ನು ಕಾಯುತ್ತಿರುವಂತಿತ್ತು. ಆದರೆ ಲಕ್ವ ಬಡಿದ ಮೈ ಸಾವಿನಲ್ಲೂ ಎಡಕ್ಕೇ ವಾಲುತ್ತಿತ್ತು. ಹಣೆಗೆ ಬಟ್ಟೆ ಕಟ್ಟಿ ಕಂಬಿಗೆ ಬಿಗಿದರೂ ಎರಡು ಸಲ ಜಾರಿತು. ಎರಡನೆಯ ಸಲ ಕೊರಳು ಸೋತು ಗಲ್ಲ ಎದೆಗೆ ಬಿತ್ತು, ಹೆಂಗಸರು ಕಿರುಚಿದರು. ತಮ್ಮ ಅಳುತ್ತಲೇ ಒಳಗಿನಿಂದ ಹಿಟ್ಟಿನ ಮೂಟೆ ಬಿಗಿಯುವ ನೈಲಾನ್ ಹಗ್ಗ ತಂದರು. ಎದೆಗೆ ಸುತ್ತಿ, ಎಳೆದು, ನೆಟ್ಟಗೆ ಮಾಡಬೇಕೆಂದು.

“ಹಗ್ಗ ಬೇಡ” ಎಂದೆ.

“ಮತ್ತೇನ್ಮಾಡದಮ್ಮ? ಬಿದ್ದೋಯ್ತಾರೆ” ಎಂದರು ತಮ್ಮ.

ಮಠದಿಂದ ಬಂದ ಹಿರಿಯರು, ಸಂಬಂಧಿಕರು, ಬೀದಿಯವರು, ನನ್ನ ಸಂಘಟನೆಯ ಗೆಳತಿಯರು ಎಲ್ಲರೂ ನನ್ನತ್ತ ನೋಡಿದರು. ಸಾವಿನ ಘನತೆಯ ಬಗ್ಗೆ ಹೇಳಲು ನನ್ನ ಬಳಿ ಮಾತುಗಳಿದ್ದವು. ಆದರೆ ಯೋಗದಮ್ಮ ಎಡಕ್ಕೆ ವಾಲುತ್ತಿದ್ದರು. ಆ ಕಡೆ ಬೆನ್ನಿಗೆ ಏನಾದರೂ ಆಸರೆ ಬೇಕಿತ್ತು, ಅಷ್ಟೇ. ನಾನು ಶಾಲು ತೆಗೆದೆ. ಜನರಿಗೆ ಬೆನ್ನುಮಾಡಿ ಮಣೆಯ ಹಿಂಬದಿಗೆ ಹತ್ತಿದೆ. ಯಾರೋ ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. “ಅಯ್ಯೋ, ಅವ್ರ ಬೆನ್ನು...” ಎಂದು ಒಂದು ದನಿ ಅರ್ಧಕ್ಕೆ ನಿಂತಿತು. ಕಿಟಕಿಗೂ ಅವರಿಗೂ ನಡುವಿನ ಇಕ್ಕಟ್ಟಿನಲ್ಲಿ ಕಾಲು ಮಡಿಸಿ ಕೂತು, ನನ್ನ ಬೆನ್ನನ್ನು ಅವರ ಬೆನ್ನಿಗೆ ಕೊಟ್ಟೆ.

ಬೆನ್ನಿಗೆ ಬೆನ್ನು ಕೊಟ್ಟಾಗ ಅವರ ಎಡ ನನ್ನ ಬಲವಾಗುತ್ತದೆ. ಅವರ ಭಾರವೆಲ್ಲ ಬಂದು ನನ್ನ ಬಲ ಭುಜದೆಲುಬಿನ ಉಬ್ಬಿನ ಮೇಲೆ ಕೂತಿತು. ಅಲ್ಲಿ ನಿಂತಿತು. ನೆಟ್ಟಗಿನ ಬೆನ್ನಾಗಿದ್ದರೆ ಜಾರುತ್ತಿತ್ತೇನೋ. ಮಠದ ಹಿರಿಯರು ಹತ್ತಿರ ಬಂದು ಬಗ್ಗಿ ನೋಡಿ, ಹಗ್ಗವನ್ನು ತಮ್ಮನ ಕೈಯಿಂದ ತೆಗೆದುಕೊಂಡು, “ಹಂಗೇ ಕೂತಿರಿ ತಾಯಿ” ಎಂದರು.

ಮಧ್ಯಾಹ್ನದವರೆಗೆ ಕೂತೆ. ಮೊದಲು ಅವರ ಬೆನ್ನಿನ ತಂಪು ನನ್ನ ಬಟ್ಟೆಯನ್ನು ದಾಟಿ ಬಂತು. ಆಮೇಲೆ ಇಬ್ಬರಲ್ಲಿ ತಣ್ಣಗಿರುವವರು ಯಾರೆಂದು ತಿಳಿಯದಾಯಿತು. ನನಗೆ ಕಿಟಕಿಯ ಕಂಬಿ ಮಾತ್ರ ಕಾಣುತ್ತಿತ್ತು; ಜನ ಬರುವುದು, ಹೂವಿಡುವುದು, ಅಳುವುದು ಕಿವಿಗೆ ಬೀಳುತ್ತಿತ್ತು. ಇದ್ದಕ್ಕಿದ್ದಂತೆ ಒಬ್ಬ ಮುದುಕಿ ಚೀರಿದರು.

“ಉಸ್ರಾಡ್ತಾವ್ರೆ! ನೋಡ್ರಪ್ಪಾ, ಯೋಗ್ದಮ್ಮ ಉಸ್ರಾಡ್ತಾವ್ರೆ!”

ಜನ ಮುನ್ನುಗ್ಗಿದ ಸದ್ದು, ಹಿಮ್ಮೆಟ್ಟಿದ ಸದ್ದು. ಯಾರೋ ಓಡಿದರು. ಸತ್ತವರ ಎದೆ ಏರುತ್ತಿತ್ತು, ಇಳಿಯುತ್ತಿತ್ತು; ಅದು ನನ್ನ ಬೆನ್ನಿಗೂ ತಿಳಿಯುತ್ತಿತ್ತು. ಏರುವಾಗ ಮೂರರ ಬಳಿ ತಡೆದು ನಿಂತು, ಬಿಡಿಸಿಕೊಂಡು ಇಳಿಯುತ್ತಿತ್ತು. ಏನಾಗುತ್ತಿದೆಯೆಂದು ನನಗೆ ಹೊಳೆದು ಉಸಿರು ಬಿಗಿಹಿಡಿದೆ. ಹಿಡಿದಷ್ಟು ಹೊತ್ತು ಅವರೂ ನಿಂತರು. ಬಿಟ್ಟೆ, ಅವರೂ ಬಿಟ್ಟರು. 

ಆಗ ಪ್ಯಾಕಿಂಗ್ ಹೆಂಗಸಿನ ದನಿ ಕೇಳಿಸಿತು, ಪಾಳಿಯ ದಣಿವಿನ ಒಣ ದನಿ. “ಸುಮ್ಕಿರಜ್ಜಿ. ಅದು ಶಾಲು ಮೇಡಂ ಉಸ್ರು. ದಿನಾ ಪಕ್ದಲ್ ಮಲೀಕತೀವಿ, ನಮಗ್ ಗೊತ್ತಾಗಾಕಿಲ್ವಾ?”

ಹಾಗಾದರೆ ಅವರೆಲ್ಲರಿಗೂ ಗೊತ್ತಿತ್ತು. ಒರೆಸಿದ ಗುರುತು, ಹೊದ್ದ ಶಾಲು, ಉಸಿರಿನ ಮುಳ್ಳು ಎಲ್ಲವೂ ಗೊತ್ತಿತ್ತು. ನಾನು ಹೇಳುವವರೆಗೆ ಸುಮ್ಮನಿದ್ದರು. ನಾನು ಕಂಬಿಯ ಮೇಲೆ ಹಣೆಯಿಟ್ಟು ಅತ್ತೆ. ನನ್ನ ಹಿಂದೆ ಯೋಗದಮ್ಮನ ಭುಜಗಳೂ ಅತ್ತವಂತೆ. ಆಮೇಲೆ ಯಾರೂ ಹೆದರಲಿಲ್ಲವಂತೆ.

ಅವರನ್ನು ಎತ್ತಿದಾಗ ನನ್ನ ಬೆನ್ನು ಆಸರೆ ತಪ್ಪಿ ಹಿಂದಕ್ಕೆ ಬಿತ್ತು. ಅಷ್ಟು ಹೊತ್ತು ನಾನು ಅವರಿಗೆ ಆಸರೆ ಎಂದುಕೊಂಡಿದ್ದೆ.

ಹನ್ನೆರಡನೆಯ ದಿನ ಅವರ ತಮ್ಮ ಬಂದು ಮಹಡಿಯ ಬೀಗ ತೆಗೆದುಕೊಟ್ಟರು. ಬೆತ್ತದ ಕುರ್ಚಿಯನ್ನು ಆಗಲೇ ಒಯ್ದಿದ್ದರು. ಇಪ್ಪತ್ತು ಜನ ಚಾಪೆ ಹಾಸಿ ನಿಂತರು. ನಾನು ಬರಿ ಚೂಡಿದಾರದಲ್ಲಿ ಮುಂದೆ ಬಂದು ಅವರಿಗೆ ಬೆನ್ನುಮಾಡಿ ನಿಂತೆ. ಬಲಗೈ ಎತ್ತಿದೆ, ಇಪ್ಪತ್ತು ಬಲಗೈಗಳು ಒಟ್ಟಿಗೆ ಎದ್ದ ಗಾಳಿ ಕೊರಳಿಗೆ ತಾಗಿತು.

ಆಗ ತಿಳಿಯಿತು. ಯೋಗದಮ್ಮ ಕುರ್ಚಿಯಲ್ಲಿದ್ದ ವಾರಗಳುದ್ದಕ್ಕೂ ನಾನು ಇಪ್ಪತ್ತು ಜನರಿಂದ ಬೆನ್ನನ್ನು ಬಚ್ಚಿಡುತ್ತ, ಅವರೊಬ್ಬರಿಗೆ ದಿನವೂ ಬೆನ್ನುಮಾಡಿ ನಿಂತಿದ್ದೆ. ತಿರುಗು ಎಂದಾಗ ತಿರುಗಿದ್ದರೆ ನನ್ನ ಮುಖ ಅವರಿಗೆ ಎದುರಾಗುತ್ತಿತ್ತು. ಕೊನೆಯ ದಿನಗಳಲ್ಲಿ ಅವರು ನನ್ನ ಮುಖವನ್ನು, ನಾನು ಅವರದನ್ನು ನೋಡಬಹುದಿತ್ತು. ಈಗ ದಿನವೂ ಬೆಳಗ್ಗೆ ಐದೂವರೆಗೆ ಅವರ ಕುರ್ಚಿಯಿದ್ದ ಕಡೆಗೇ ಮುಖಮಾಡಿ ನಿಲ್ಲುತ್ತೇನೆ. ಅಲ್ಲಿ ಗೋಡೆಯಿದೆ.